ನಮ್ಮೂರ ನೀರಿಗೆ ಲೆಕ್ಕ ಕೊಡಿ

ದೆಹಲಿಯಲ್ಲಿದ್ದೇನೆ ಅಂದರೆ ಸಾಕು, ಊರಿನವರು ಮೊದಲು ಚಳಿಯ ಬಗ್ಗೆ ಕೇಳುತ್ತಾರೆ, ಆಮೇಲೆ ಹೊಗೆಯ ಬಗ್ಗೆ, ಮೂರನೆಯದಾಗಿ ನೀರಿನ ಬಗ್ಗೆ. "ಅಯ್ಯೋ, ಆ ಯಮುನೆ ನೀರು ಹ್ಯಾಗೆ ಕುಡೀತೀರಿ?" ಎಂದು ಮರುಗುತ್ತಾರೆ. ಛಠ್ ಹಬ್ಬದ ದಿನ ಬಿಳಿ ನೊರೆಯ ನಡುವೆ ಸೊಂಟದುದ್ದ ನಿಂತು ಅರ್ಘ್ಯ ಬಿಡುವ ಹೆಂಗಸರನ್ನು ಟೀವಿಯಲ್ಲಿ ನೋಡಿರುತ್ತಾರೆ. ಮಾತು ಮುಗಿಸುವಾಗ ಒಂದು ಹೆಮ್ಮೆಯ ಸಾಲು ಇದ್ದೇ ಇರುತ್ತದೆ: "ಏನೇ ಅನ್ನಿ, ನಮ್ಮೂರ ಬೋರ್ ನೀರು ಎಳನೀರಿದ್ದ ಹಾಗೆ."

ಈ ಎಳನೀರಿನ ಮಾತಿಗೇ ನನ್ನ ತಕರಾರು. ದೆಹಲಿಯ ನೀರು ಕೊಳಕು, ಒಪ್ಪಿದೆ. ಆದರೆ ದೆಹಲಿಯ ಕೊಳಕಿಗೆ ಒಂದು ಅಂಕಿ ಇದೆ. ನಮ್ಮೂರಿನ ಶುದ್ಧಕ್ಕೆ ಯಾವ ಅಂಕಿಯೂ ಇಲ್ಲ. ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಲೆಕ್ಕ ನೋಡಿದವನು ನಾನು. ವೋಚರ್ ಇಲ್ಲದ ಖರ್ಚನ್ನು "ಮನುಷ್ಯ ಒಳ್ಳೆಯವನು" ಅಂತ ಯಾರೂ ಪಾಸ್ ಮಾಡುವುದಿಲ್ಲ. ನೀರಿನ ವಿಷಯದಲ್ಲಿ ಮಾತ್ರ ನಮ್ಮ ಊರುಗಳು ಅದನ್ನೇ ಮಾಡುತ್ತಿವೆ.

ಮೊದಲು ಇಲ್ಲಿನ ಕಥೆ ಹೇಳುತ್ತೇನೆ. ಮುಖರ್ಜಿ ನಗರ ಉತ್ತರ ದೆಹಲಿಯ ಬಡಾವಣೆ, ಐಎಎಸ್ ಕೋಚಿಂಗಿಗೆ ಹೆಸರಾದದ್ದು. ಒಂದೊಂದು ಮಹಡಿಯಲ್ಲೂ ಪುಟ್ಟ ಕೋಣೆಗಳು, ಕೋಣೆಗಿಬ್ಬರು ಹುಡುಗರು, ಬಾಗಿಲ ಹೊರಗೆ ಇಪ್ಪತ್ತು ಲೀಟರಿನ ನೀರಿನ ಕ್ಯಾನು. ವಜೀರಾಬಾದ್ ಬ್ಯಾರೇಜು ಇಲ್ಲಿಂದ ಕೆಲವೇ ಕಿಲೋಮೀಟರ್. ಅಲ್ಲಿ ಯಮುನೆಯನ್ನು ತಡೆದು, ಸೋಸಿ, ಕ್ಲೋರಿನ್ ಹಾಕಿ ಊರಿಗೆ ಬಿಡುತ್ತಾರೆ. ಮೇಲೆ ಹರಿಯಾಣದ ಪಾಣಿಪತ್ ಕಡೆಯಿಂದ ಕಾರ್ಖಾನೆ ನೀರು, ಚರಂಡಿ ನೀರು ನದಿಗೆ ಸೇರುತ್ತದೆ. ಅದರೊಟ್ಟಿಗೆ ಅಮೋನಿಯ ಬರುತ್ತದೆ. ಅದು ಹೆಚ್ಚುಕಡಿಮೆ 1 ಪಿಪಿಎಂ ದಾಟಿದರೆ ವಜೀರಾಬಾದ್, ಚಂದ್ರಾವಲ್ ಘಟಕಗಳಿಗೆ ಸಂಭಾಳಿಸುವುದು ಕಷ್ಟ. ಹಾಕಿದ ಕ್ಲೋರಿನನ್ನು ಅಮೋನಿಯವೇ ನುಂಗಿಬಿಡುತ್ತದೆ, ಕ್ರಿಮಿ ಕೊಲ್ಲಲು ಏನೂ ಉಳಿಯುವುದಿಲ್ಲ. ಆಗ ಘಟಕದ ಕೆಲಸ ಇಳಿಸುತ್ತಾರೆ, ನಲ್ಲಿ ಸಣ್ಣಗಾಗುತ್ತದೆ. ಅಮೋನಿಯ ಇಷ್ಟು ಪಿಪಿಎಂ, ಇಂತಿಂಥ ಬಡಾವಣೆಗೆ ನೀರು ಕಡಿಮೆ ಎಂದು ಪತ್ರಿಕೆಯಲ್ಲಿ ಬರುತ್ತದೆ. ಜನ ಬೈಯುತ್ತಾರೆ. ಆದರೆ ಬೈಯಲಿಕ್ಕೆ ಅವರ ಕೈಯಲ್ಲಿ ಒಂದು ಅಂಕಿ ಇರುತ್ತದೆ.

2025ರ ಜನವರಿಯಲ್ಲಿ ವಿಧಾನಸಭಾ ಚುನಾವಣೆಯ ಹೊತ್ತಿಗೆ ಈ ಅಮೋನಿಯವೇ ದೊಡ್ಡ ರಾಜಕೀಯವಾಯಿತು. ಹರಿಯಾಣ ಯಮುನೆಗೆ ವಿಷ ಬೆರೆಸುತ್ತಿದೆ ಎಂದು ಕೇಜ್ರಿವಾಲ್ ಹೇಳಿದರು, ಚುನಾವಣಾ ಆಯೋಗ ಆಧಾರ ಕೊಡಿ ಎಂದು ನೋಟಿಸು ಕಳಿಸಿತು. ಆ ಮಾತಿನ ಸರಿತಪ್ಪು ಇಲ್ಲಿ ಬೇಡ. ಒಂದು ರಾಜಧಾನಿಯ ಚುನಾವಣೆಯಲ್ಲಿ ನೀರಿನ ಪಿಪಿಎಂ ಮೇಲೆ ಜಗಳವಾಯಿತಲ್ಲ, ನಾನು ಗಮನಿಸಿದ್ದು ಅದನ್ನು. ನಮ್ಮ ಪುರಸಭೆ ಚುನಾವಣೆಯಲ್ಲಿ ಯಾರಾದರೂ ಫ್ಲೋರೈಡ್ ಎಷ್ಟು ಎಂದು ಕೇಳಿದ್ದನ್ನು ನೀವು ಕಂಡಿದ್ದೀರಾ?

2019ರ ನವೆಂಬರಿನಲ್ಲಿ ಆಗಿನ ಕೇಂದ್ರ ಸಚಿವ ರಾಮ್ ವಿಲಾಸ್ ಪಾಸ್ವಾನ್, ಭಾರತೀಯ ಮಾನಕ ಬ್ಯೂರೊ ಮಾಡಿದ ನಲ್ಲಿ ನೀರಿನ ಪರೀಕ್ಷೆಯ ಫಲಿತಾಂಶ ಹೊರಗಿಟ್ಟರು. ಮುಂಬಯಿಯ ಮಾದರಿಗಳೆಲ್ಲ ಪಾಸು. ದೆಹಲಿಯ 11 ಮಾದರಿಗಳೂ ಫೇಲು. ದೆಹಲಿ ಸರ್ಕಾರ ಇದನ್ನು ಒಪ್ಪಲಿಲ್ಲ, ಭಾರಿ ವಾದವಾಯಿತು. ನಮ್ಮವರು ದೆಹಲಿಯನ್ನು ನೋಡಿ ನಕ್ಕರು. ಬೆಂಗಳೂರಿನ ಮಾದರಿಗಳೂ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಲಿಲ್ಲ ಎನ್ನುವುದು ನಗುವವರ ಕಣ್ಣಿಗೆ ಬೀಳಲಿಲ್ಲ. ಆ ಗಲಾಟೆಯಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಕುಡಿಯುವ ನೀರಿಗೆ ಐಎಸ್ 10500 ಎಂಬ ಮಾನಕ ಇದೆ, ಆದರೆ ನಲ್ಲಿ ನೀರು ಕೊಡುವವರಿಗೆ ಅದು ಕಾನೂನಿನ ಕಡ್ಡಾಯ ಅಲ್ಲ! ಬಾಟಲಿ ನೀರಿಗೆ 2001ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿತ್ತು. 2024ರ ಅಕ್ಟೋಬರಿನಲ್ಲಿ ಆ ಕಡ್ಡಾಯ ತೆಗೆದರೂ ಆಹಾರ ಸುರಕ್ಷತಾ ಪ್ರಾಧಿಕಾರ ಬಾಟಲಿ ನೀರನ್ನು ಹೆಚ್ಚು ಅಪಾಯದ ಆಹಾರಗಳ ಪಟ್ಟಿಗೆ ಸೇರಿಸಿ ತಪಾಸಣೆಗೆ ಒಳಪಡಿಸಿದೆ. ಕೊಂಡು ಕುಡಿಯುವವನ ನೀರಿಗೆ ಲೈಸೆನ್ಸು, ಬ್ಯಾಚ್ ನಂಬರು, ತಪಾಸಣೆ. ನಲ್ಲಿಗೆ ಬಿಂದಿಗೆ ಹಿಡಿದವಳ ನೀರಿಗೆ ದೇವರೇ ಗತಿ.

ಈಗ ನಮ್ಮೂರಿಗೆ ಬರೋಣ. ಕೋಲಾರ, ಚಿಕ್ಕಬಳ್ಳಾಪುರದ ಸೀಮೆಯ ಒಂದು ಪುರಸಭೆ ಊರು. ಹೆಸರು ಬರೆಯುವುದಿಲ್ಲ. ಬರೆದರೆ ಮಾತು ಒಬ್ಬ ಅಧ್ಯಕ್ಷರ, ಒಬ್ಬ ಮುಖ್ಯಾಧಿಕಾರಿಯ ಮೇಲೆ ನಿಂತುಬಿಡುತ್ತದೆ. ಬಯಲುಸೀಮೆಯ ಹತ್ತಾರು ಊರುಗಳ ಸ್ಥಿತಿ ಇದೇ. ನದಿ ಇಲ್ಲ, ಕೆರೆ ಇದ್ದೂ ಇಲ್ಲ. ಊರ ಸುತ್ತ ಕೊರೆದ ಬೋರ್‌ವೆಲ್‌ಗಳಿಂದ ನೀರೆತ್ತಿ ಓವರ್‌ಹೆಡ್ ಟ್ಯಾಂಕಿಗೆ ತುಂಬಿ, ನಾಲ್ಕು ದಿನಕ್ಕೋ ವಾರಕ್ಕೋ ಒಂದು ಸಲ ಬೀದಿಗೆ ಬಿಡುತ್ತಾರೆ. ಯಾವ ಬೋರಿನ ನೀರು ಯಾವ ಬೀದಿಗೆ ಎನ್ನುವುದು ನೀರು ಬಿಡುವ ನೌಕರನೊಬ್ಬನಿಗೆ ಗೊತ್ತು.

"ನಮ್ಮ ತಾತ ಇದೇ ನೀರು ಕುಡಿದು ತೊಂಬತ್ತು ವರ್ಷ ಬದುಕಿದರು" ಎನ್ನುತ್ತಾರೆ. ಇಲ್ಲ ಸ್ವಾಮಿ, ನಿಮ್ಮ ತಾತ ಕುಡಿದದ್ದು ಇದೇ ನೀರಲ್ಲ. ಅವರು ಕುಡಿದದ್ದು ಸೇದೋ ಬಾವಿಯ ನೀರು. ಮೂವತ್ತು ನಲವತ್ತು ಅಡಿಯಲ್ಲಿ, ಹೋದ ವರ್ಷದ ಮಳೆ ಇಂಗಿ ಬಂದದ್ದು. ನೀವು ಕುಡಿಯುತ್ತಿರುವುದು ಸಾವಿರ ಅಡಿಯೂ ದಾಟಿದ ಆಳದಿಂದ, ಬಂಡೆಯ ಬಿರುಕಿನಿಂದ ಎತ್ತಿದ ನೀರು. ಅದು ಬಹುಕಾಲ ಕಲ್ಲಿನ ಜೊತೆ ಕೂತು ಕಲ್ಲನ್ನೇ ಕರಗಿಸಿಕೊಂಡಿದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ಗ್ರಾನೈಟು ಬಂಡೆಯ ಖನಿಜಗಳಲ್ಲೇ ಫ್ಲೋರೈಡ್ ಇದೆ. ಹೆಚ್ಚು ಆಳದ, ಸುಣ್ಣದಂಶ ಕಡಿಮೆಯಾದ, ಕ್ಷಾರ ಹೆಚ್ಚಾದ ನೀರಿನಲ್ಲಿ ಅದು ಸಲೀಸಾಗಿ ಬಿಟ್ಟುಕೊಳ್ಳುತ್ತದೆ.

ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಸಹಿಸಬಹುದು. ಅದರಾಚೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುತ್ತದೆ. 3 ದಾಟಿದ್ದನ್ನು ವರ್ಷಗಟ್ಟಲೆ ಕುಡಿದರೆ ಮೂಳೆಗೆ ಹೋಗುತ್ತದೆ. ಬೆನ್ನು ಬಗ್ಗುವುದಿಲ್ಲ, ಮಂಡಿ ಸೊಟ್ಟಗಾಗುತ್ತದೆ. ನಮ್ಮ ದೇಶದಲ್ಲಿ ಈ ಕಾಯಿಲೆಯನ್ನು ನೆಲ್ಲೂರು ಸೀಮೆಯಲ್ಲಿ ವೈದ್ಯರು ಗುರುತಿಸಿ ಬರೆದದ್ದು 1937ರಲ್ಲಿ. ಹತ್ತಿರ ಹತ್ತಿರ ತೊಂಬತ್ತು ವರ್ಷದಿಂದ ಗೊತ್ತಿರುವ ಸಂಗತಿಗೆ ಇವತ್ತಿಗೂ ನಮ್ಮೂರಿನಲ್ಲಿ "ವಯಸ್ಸಾಯ್ತಲ್ಲ, ವಾಯು" ಎಂದೇ ಹೆಸರು.

ಫ್ಲೋರೈಡ್ ಬಂಡೆಯ ಕೊಡುಗೆಯಾದರೆ ನೈಟ್ರೇಟ್ ನಮ್ಮದೇ ಕೊಡುಗೆ. ಹೊಲಕ್ಕೆ ಸುರಿದ ಯೂರಿಯಾ ಒಂದು ಕಡೆ, ಒಳಚರಂಡಿ ಇಲ್ಲದ ಊರಿನ ಪಾಯಿಖಾನೆ ಗುಂಡಿಗಳು ಇನ್ನೊಂದು ಕಡೆ. ಮನೆಯ ಮುಂದೆ ಬೋರು, ಹಿತ್ತಲಲ್ಲಿ ಗುಂಡಿ. ನೆಲದ ಕೆಳಗೆ ಎರಡಕ್ಕೂ ನಂಟಸ್ತನ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯ ಪ್ರಕಾರ ಕರ್ನಾಟಕದಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ಹೆಚ್ಚುಕಡಿಮೆ ಅರ್ಧದಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮಿತಿಯನ್ನು ದಾಟಿತ್ತು. ರಾಜಸ್ಥಾನ ಬಿಟ್ಟರೆ ನಾವೇ ಮುಂದೆ. ಎಳೆ ಕೂಸುಗಳಿಗೆ ಇದು ಅಪಾಯ, ರಕ್ತ ಆಮ್ಲಜನಕ ಹೊರುವುದನ್ನೇ ತಡೆಯುತ್ತದೆ. ಇದರ ಮೇಲೆ ಯುರೇನಿಯಂ ಬೇರೆ. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚ ಕೇಂದ್ರದ ಸಂಶೋಧಕರು ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲ ನೋಡಿದಾಗ 57ರಲ್ಲಿ ಅದು ಲೀಟರಿಗೆ 30 ಮೈಕ್ರೋಗ್ರಾಂ ಮಿತಿಗಿಂತ ಹೆಚ್ಚಿತ್ತು. ಅದು ಕೆಡಿಸುವುದು ಮೂತ್ರಪಿಂಡವನ್ನು.

ಈ ಮೂರಕ್ಕೂ ಬಣ್ಣ ಇಲ್ಲ, ವಾಸನೆ ಇಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ತಾಮ್ರದ ತಂಬಿಗೆಗೂ ಬಗ್ಗುವುದಿಲ್ಲ. ಎಳನೀರಿನಂಥ ನೀರು ಎಂದು ನಾಲಿಗೆ ಕೊಡುವ ಸರ್ಟಿಫಿಕೇಟಿಗೆ ಮೂರು ಕಾಸಿನ ಬೆಲೆ ಇಲ್ಲ.

ಬೋರಿನ ನೀರು ಚೊಕ್ಕಟವೇ ಇದೆ ಅಂದುಕೊಳ್ಳಿ. ಅದು ಮನೆ ಸೇರುವ ಪೈಪು? ವಾರಕ್ಕೊಮ್ಮೆ ನೀರು ಬರುವ ಪೈಪು ಆರು ದಿನ ಖಾಲಿ. ಪಕ್ಕದಲ್ಲೇ ಚರಂಡಿ. ಇದರ ಮೇಲೆ ನಲ್ಲಿಗೆ ಮೋಟರು ಕಟ್ಟಿ ಎಳೆಯುವ ಜನ. ಮುಖರ್ಜಿ ನಗರದಲ್ಲೂ ಬೆಳಗಿನ ಜಾವ ಮೋಟರುಗಳ ಗುಂಯ್ ಸದ್ದೇ ನಮಗೆ ಸುಪ್ರಭಾತ. ಮೋಟರು ಎಳೆದಾಗ ಪೈಪಿನ ಬಿರುಕು ಹೊರಗಿನ ಕೊಚ್ಚೆಯನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಈ ವಿದ್ಯೆಯಲ್ಲಿ ದೆಹಲಿಗೂ ನಮ್ಮೂರಿಗೂ ಏನೂ ವ್ಯತ್ಯಾಸ ಇಲ್ಲ. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಏನಾಯಿತು, ನೆನಪಿಸಿಕೊಳ್ಳಿ. ನಲ್ಲಿ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಹಲವರು ಸತ್ತರು. ದಲಿತರ ಕೇರಿ ಅದು. ಟ್ಯಾಂಕಿಗೆ ವಿಷ ಹಾಕಿದ್ದಾರೆ ಎಂಬ ಸುದ್ದಿ ಊರೆಲ್ಲ ಹಬ್ಬಿತು, ಆಮೇಲೆ ಪರೀಕ್ಷೆಯಲ್ಲಿ ಕಾಲರಾ ಎಂದು ಬಂತು. ನೀರಿನ ಪರೀಕ್ಷೆಗೆ ಜನ ಸಾಯುವ ತನಕ ಕಾಯಬೇಕೆ?

"ಅದಕ್ಕೇ ಅಲ್ಲವೆ ಶುದ್ಧ ನೀರಿನ ಘಟಕ ಇರೋದು" ಎನ್ನುತ್ತೀರಿ. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್. 2013ರಿಂದೀಚೆಗೆ ನಮ್ಮ ರಾಜ್ಯದಲ್ಲಿ ಇಂಥ ಸಾವಿರಾರು ಆರ್‌ಓ ಘಟಕಗಳು ಎದ್ದಿವೆ. ಫ್ಲೋರೈಡಿನ ಊರುಗಳಿಗೆ ಉಪಕಾರವಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಒಂದೊಂದು ಘಟಕವೂ "ನಾವು ನಲ್ಲಿಯಲ್ಲಿ ಬಿಡುವ ನೀರು ಕುಡಿಯಲಿಕ್ಕೆ ಯೋಗ್ಯವಲ್ಲ" ಎಂದು ಸರ್ಕಾರವೇ ಬರೆದುಕೊಟ್ಟ ಮುಚ್ಚಳಿಕೆ. ಹಾಗಿದ್ದರೆ ಆ ನಲ್ಲಿ ನೀರಿಗೆ ಕಂದಾಯ ಏತಕ್ಕೆ? ಅನ್ನ, ಸಾರು, ಮುದ್ದೆಗೆ ಹಾಕುವುದು ಅದೇ ನಲ್ಲಿ ನೀರು, ಅದರ ಫ್ಲೋರೈಡ್ ಹೊಟ್ಟೆಗೇ ಹೋಗುತ್ತದೆ. ಘಟಕದ ಒಳಗಿನ ಪೊರೆ ಬದಲಾಯಿಸಿ ಎಷ್ಟು ದಿನವಾಯಿತು ಎಂದು ಯಾವ ಬೋರ್ಡಿನಲ್ಲಿ ಬರೆದಿದೆ? ಆರ್‌ಓ ಹೊರಗೆ ಬಿಟ್ಟ ಗಡುಸು ನೀರು ಚರಂಡಿ ಸೇರಿ ಮತ್ತೆ ನೆಲಕ್ಕೇ ಇಳಿಯುತ್ತದೆ.

ಮನೆ ಬಾಗಿಲಿಗೆ ಬರುವ ಫಿಲ್ಟರ್ ಮಾರುವವರ ಆಟ ಇನ್ನೊಂದು. ಟಿಡಿಎಸ್ ಮೀಟರು ಅದ್ದಿ "ನೋಡಿ ಸಾರ್, ಐನೂರು!" ಎಂದು ಹೆದರಿಸುತ್ತಾರೆ. ಆ ಮೀಟರು ತೋರಿಸುವುದು ಕರಗಿದ ಲವಣಗಳ ಒಟ್ಟು ಮೊತ್ತ, ಅಷ್ಟೇ. ಅದರಲ್ಲಿ ಫ್ಲೋರೈಡ್ ಎಷ್ಟು, ಸುಣ್ಣ ಎಷ್ಟು, ಕಾಲರಾ ಕ್ರಿಮಿ ಇದೆಯೋ ಇಲ್ಲವೋ, ಅದಕ್ಕೇನು ಗೊತ್ತು? ಪಾಸ್‌ಬುಕ್ಕಿನ ಬ್ಯಾಲೆನ್ಸು ನೋಡಿ ಮನುಷ್ಯನ ಆರೋಗ್ಯ ಹೇಳಿದ ಹಾಗೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ಬೇಡ ಎಂದು ಹೇಳಿತ್ತು. ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಗೊತ್ತಾಗಲಿಕ್ಕಾದರೂ ಮೊದಲು ಪರೀಕ್ಷೆಯ ಅಂಕಿ ಬೇಕಲ್ಲ?

ಮತ್ತೊಂದು ಸಮಾಧಾನ, ನದಿ ಬರುತ್ತದೆ ಎನ್ನುವುದು. ಬರಲಿ. ಮಾರ್ಕಂಡೇಯ ನದಿಗೆ ಕಟ್ಟಿದ ಯರಗೋಳ್ ಅಣೆಕಟ್ಟು ಕೋಲಾರ, ಬಂಗಾರಪೇಟೆ, ಮಾಲೂರಿನ ಸಲುವಾಗಿ 2023ರ ನವೆಂಬರಿನಲ್ಲಿ ಉದ್ಘಾಟನೆಯಾಯಿತು. ಎತ್ತಿನಹೊಳೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಹತ್ತಿರ ಚಾಲನೆ ಪಡೆಯಿತು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ಕೋಲಾರದ ಕೆರೆ ತುಂಬಿಸುವ ಕೆ.ಸಿ. ವ್ಯಾಲಿ ನೀರು 2018ರಲ್ಲೇ ಬಂತು. ಆ ವರ್ಷವೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು ವಿಷಯ ಹೈಕೋರ್ಟಿಗೆ ಹೋಯಿತು. ಕೆರೆ ತುಂಬಿ ಅಂತರ್ಜಲ ಏರಿದ್ದು ರೈತನಿಗೆ ಸಂತೋಷವೇ. ಆದರೆ ಆ ಕೆರೆ ಪಕ್ಕದ ಬೋರಿನಿಂದ ಕುಡಿಯುವವನಿಗೆ ಪರೀಕ್ಷೆ ಮೊದಲಿಗಿಂತ ಹೆಚ್ಚು ಬೇಕು, ಕಡಿಮೆ ಅಲ್ಲ. ಮನೆ ಬಾಗಿಲಲ್ಲೇ ನದಿ ಇದ್ದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಒಮ್ಮೆ ಮುಖರ್ಜಿ ನಗರಕ್ಕೆ ಬನ್ನಿ, ವಜೀರಾಬಾದಿನ ಸೇತುವೆಯ ಮೇಲೆ ನಿಲ್ಲಿಸಿ ತೋರಿಸುತ್ತೇನೆ.

ಸಣ್ಣ ಊರು, ನಮಗೆ ಇದೆಲ್ಲ ಆಗುತ್ತದೆಯೇ ಎನ್ನುವವರಿಗೆ ಕೆನಡಾ ದೇಶದ ವಾಕರ್ಟನ್ ಎಂಬ ಊರಿನ ಕಥೆ ಹೇಳಬೇಕು. ಸುಮಾರು ಐದು ಸಾವಿರ ಜನ, ಕೊಳವೆಬಾವಿಯ ನೀರು. 2000ದ ಮೇ ತಿಂಗಳಲ್ಲಿ ಜೋರು ಮಳೆ ಬಂದು ಪಕ್ಕದ ಹೊಲದ ದನದ ಗೊಬ್ಬರ ಒಂದು ಆಳವಿಲ್ಲದ ಬಾವಿಗೆ ಇಳಿಯಿತು. ನೀರು ಸರಬರಾಜು ನೋಡಿಕೊಳ್ಳುತ್ತಿದ್ದ ಅಣ್ಣತಮ್ಮಂದಿರು ಕ್ಲೋರಿನ್ ಸರಿಯಾಗಿ ಹಾಕದೆ, ಅಳೆಯದೆ, ರಿಜಿಸ್ಟರಿನಲ್ಲಿ ಸುಳ್ಳು ಅಂಕಿ ಬರೆಯುತ್ತಿದ್ದರು. ಪ್ರಯೋಗಾಲಯದಿಂದ ಕೆಟ್ಟ ವರದಿ ಬಂದಾಗಲೂ ನೀರು ಚೆನ್ನಾಗಿದೆ ಎಂದೇ ಹೇಳಿದರು. ಏಳು ಜನ ಸತ್ತರು, ಎರಡು ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ನ್ಯಾಯಮೂರ್ತಿ ಓಕಾನರ್ ವಿಚಾರಣೆ ನಡೆಸಿದರು, ಅಣ್ಣತಮ್ಮಂದಿರಿಗೆ ಶಿಕ್ಷೆಯಾಯಿತು, ಒಂಟಾರಿಯೊ ಪ್ರಾಂತ್ಯ 2002ರಲ್ಲಿ ಹೊಸ ಕಾನೂನು ತಂದಿತು. ಅಲ್ಲಿ ಸುಳ್ಳು ಬರೆಯಲಿಕ್ಕಾದರೂ ಒಂದು ರಿಜಿಸ್ಟರ್ ಇತ್ತು. ಅದನ್ನು ಹಿಡಿದೇ ನ್ಯಾಯಾಧೀಶರು ಸತ್ಯಕ್ಕೆ ಹೋದರು. ನಮ್ಮಲ್ಲಿ ಅಂಥದ್ದಾದರೆ ಹಿಡಿಯಲಿಕ್ಕೆ ಏನಿದೆ?

ಅಮೆರಿಕದಲ್ಲಿ ನಿಮ್ಮ ಮಕ್ಕಳು ಇದ್ದರೆ ಕೇಳಿ. ಊರ ನೀರು ಸರಬರಾಜಿನವರು ವರ್ಷಕ್ಕೊಮ್ಮೆ ಜುಲೈ 1ರ ಒಳಗೆ ನೀರಿನ ಮೂಲ ಯಾವುದು, ಅದರಲ್ಲಿ ಏನೇನು ಎಷ್ಟಿತ್ತು, ಮಿತಿ ಎಷ್ಟು ಎಂದು ಗ್ರಾಹಕರಿಗೆ ವರದಿ ಕೊಡಬೇಕು. ಇಪ್ಪತ್ತೈದು ಜನರಿಗೆ ವರ್ಷವಿಡೀ ನೀರು ಕೊಡುವ ಬೋರ್‌ವೆಲ್ಲಿಗೂ ಈ ನಿಯಮವೇ. ಅಲ್ಲೂ ತಪ್ಪಾಗುತ್ತದೆ. 2014ರಿಂದ ಫ್ಲಿಂಟ್ ನಗರದ ಜನ ಸೀಸ ಬೆರೆತ ನೀರು ಕುಡಿದರು. ಆದರೆ ಹೊರಗಿನವರು ಅಳೆದ ಅಂಕಿಗಳೇ ಅಧಿಕಾರಿಗಳ ಬಾಯಿ ಮುಚ್ಚಿಸಿದವು.

ನಮ್ಮಲ್ಲಿ ಕಾನೂನೇ ಇಲ್ಲ ಎನ್ನಬೇಡಿ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಲ್ಲಿ ನೀರು ಕೊಡುವುದು ಕಡ್ಡಾಯ ಕರ್ತವ್ಯಗಳಲ್ಲಿ ಒಂದು. ಶುದ್ಧ ನೀರು, ಶುದ್ಧ ಗಾಳಿ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ. 2019ರಲ್ಲಿ ಶುರುವಾದ ಜಲಜೀವನ ಮಿಷನ್ನಿನಲ್ಲಿ ಹಳ್ಳಿಯ ಹೆಂಗಸರಿಗೇ ಪರೀಕ್ಷಾ ಕಿಟ್ ಕೊಟ್ಟು ಕಲಿಸುವ ಏರ್ಪಾಡಿದೆ. ಅದು ಎಷ್ಟು ಕಡೆ ನಡೆಯುತ್ತಿದೆ ಎನ್ನುವುದು ಬೇರೆ ಮಾತು. ಆದರೆ ಆ ಮಿಷನ್ನು ಹಳ್ಳಿಗೆ. ಮಹಾನಗರಕ್ಕೆ ಪತ್ರಿಕೆಯವರ ಕಣ್ಣಿದೆ. ನಡುವೆ ಸಿಕ್ಕಿಬಿದ್ದದ್ದು ಪುರಸಭೆ ಊರು. ಅದು ಅತ್ತ ಹಳ್ಳಿಯೂ ಅಲ್ಲ, ಇತ್ತ ನಗರವೂ ಅಲ್ಲ.

ನಾನು ಊರಿಗೆ ಮಾಹಿತಿ ಹಕ್ಕಿನ ಅರ್ಜಿ ಕಳಿಸಿದ್ದೆ. ಕುಡಿಯುವ ನೀರಿನ ಬೋರುಗಳೆಷ್ಟು, ಒಂದೊಂದರ ಕೊನೆಯ ಪರೀಕ್ಷೆ ಯಾವತ್ತು, ಫಲಿತಾಂಶ ಏನು, ಇಷ್ಟೇ ಪ್ರಶ್ನೆ. ಬಂದ ಉತ್ತರ ಒಂದೇ ಸಾಲು: ನೀರನ್ನು ಕಾಲಕಾಲಕ್ಕೆ ಪರೀಕ್ಷಿಸಲಾಗುತ್ತಿದೆ. ಯಾವ ಕಾಲದಿಂದ ಯಾವ ಕಾಲಕ್ಕೆ ಸ್ವಾಮಿ? ಬ್ಯಾಂಕಿನಲ್ಲಿ ಕ್ಯಾಷ್ ಎಷ್ಟಿದೆ ಎಂದು ಆಡಿಟರ್ ಕೇಳಿದಾಗ "ಕಾಲಕಾಲಕ್ಕೆ ಎಣಿಸುತ್ತಿದ್ದೇವೆ" ಎಂದಿದ್ದರೆ ಆವತ್ತೇ ಸಸ್ಪೆಂಡ್ ಆಗುತ್ತಿದ್ದೆ.

ಅಂಕಿ ಹೊರಗಿಟ್ಟರೆ ಜನ ಗಾಬರಿಯಾಗುತ್ತಾರೆ ಎಂದು ಒಬ್ಬ ಅಧಿಕಾರಿ ಫೋನಿನಲ್ಲಿ ಹೇಳಿದರು. ಜನ ಗಾಬರಿಯಾಗಿ ಬ್ಯಾಂಕಿನ ಮುಂದೆ ಸಾಲು ನಿಲ್ಲುವುದು ಬ್ಯಾಲೆನ್ಸ್ ಶೀಟು ಓದಿ ಅಲ್ಲ, ಗಾಳಿಮಾತು ಕೇಳಿ. ಕವಾಡಿಗರಹಟ್ಟಿಯಲ್ಲಿ ವಿಷದ ಸುದ್ದಿ ಹಬ್ಬಿದ್ದೂ ಹಾಗೆಯೇ.

ನಾನು ಕೇಳುವುದು ಅಣೆಕಟ್ಟಲ್ಲ, ಸಾವಿರ ಕೋಟಿಯ ಯೋಜನೆಯೂ ಅಲ್ಲ. ಪ್ರತಿ ಬೋರ್‌ವೆಲ್ಲಿಗೆ ಒಂದು ನಂಬರು, ಅದರ ನೀರು ಯಾವ ಬೀದಿಗೆ ಹೋಗುತ್ತದೆ ಎಂಬ ಪಟ್ಟಿ. ಮಳೆಗಾಲಕ್ಕೆ ಮುಂಚೆ ಒಂದು, ಆದಮೇಲೆ ಒಂದು ರಾಸಾಯನಿಕ ಪರೀಕ್ಷೆ. ತಿಂಗಳಿಗೊಮ್ಮೆ ಕ್ರಿಮಿ ಪರೀಕ್ಷೆ. ನೀರು ಬಿಟ್ಟ ದಿನ ಬೀದಿಯ ಕಟ್ಟಕಡೆಯ ಮನೆಯ ನಲ್ಲಿಯಲ್ಲಿ ಕ್ಲೋರಿನ್ ಕನಿಷ್ಠ 0.2 ಉಳಿದಿದೆಯೇ ಎಂದು ನೋಡುವುದು. ಟ್ಯಾಂಕಿನ ಬುಡದಲ್ಲಿ ನೋಡಿದರೆ ಪ್ರಯೋಜನವಿಲ್ಲ. ಇಷ್ಟನ್ನೂ ಕನ್ನಡದಲ್ಲಿ ಬರೆದು ವಾರ್ಡಿನ ನ್ಯಾಯಬೆಲೆ ಅಂಗಡಿಯ ಗೋಡೆಗೆ ಅಂಟಿಸುವುದು. ಕೆಟ್ಟ ಬೋರಿಗೆ ಕೆಂಪು ಬಣ್ಣ ಬಳಿಯಿರಿ. ಬಟ್ಟೆ ಒಗೆಯಲಿಕ್ಕೆ ಇರಲಿ, ಬಾಯಿಗೆ ಬೇಡ. ಆರ್ಸೆನಿಕ್ ಹಾವಳಿ ಎದ್ದಾಗ ಬಾಂಗ್ಲಾದೇಶದಂಥ ಬಡ ದೇಶ ಲಕ್ಷಗಟ್ಟಲೆ ಕೈಪಂಪುಗಳನ್ನು ಪರೀಕ್ಷಿಸಿ ಕೆಂಪು, ಹಸಿರು ಬಣ್ಣ ಬಳಿಯಿತು. ಹುಟ್ಟುಹಬ್ಬದ ಫ್ಲೆಕ್ಸಿಗೆ ದುಡ್ಡಿರುವ ನಮ್ಮೂರಿಗೆ ಒಂದು ಡಬ್ಬ ಬಣ್ಣಕ್ಕೆ ದುಡ್ಡಿಲ್ಲವೆ?

ಹೊರಗೆ ಇರುವ ನಮ್ಮಂಥವರಿಗೂ ಒಂದು ಮಾತು. ಊರ ದೇವಸ್ಥಾನದ ಗೋಪುರಕ್ಕೆ, ರಥದ ರಿಪೇರಿಗೆ ನಾವು ಚೆಕ್ ಕಳಿಸುತ್ತೇವೆ. ಕಳಿಸಿದ ದುಡ್ಡಿಗೆ ರಸೀದಿ ಕೇಳುತ್ತೇವೆ, ಕಲ್ಲಿನ ಮೇಲೆ ಹೆಸರು ಕೇಳುತ್ತೇವೆ. ಅಭಿಷೇಕಕ್ಕೆ ಬಳಸುವ ನೀರು ಯಾವ ಬೋರಿನದು ಎಂದು ಕೇಳಿಲ್ಲ. ತೀರ್ಥ ಅಂತ ಮೊಮ್ಮಕ್ಕಳ ಅಂಗೈಗೆ ಬೀಳುವುದು ಅದೇ. ಮುಂದಿನ ಸಲ ಚೆಕ್ಕಿನ ಜೊತೆ ಈ ಪ್ರಶ್ನೆಯನ್ನೂ ಕಳಿಸೋಣ.

ಊರಲ್ಲಿರುವ ನಿಮಗೆ ಇನ್ನೂ ಸುಲಭ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ. ಒಂದು ಬೀದಿಯಿಂದ ಒಂದು ಅರ್ಜಿ ಹೋಗಲಿ. "ಕಾಲಕಾಲಕ್ಕೆ" ಎಂಬ ಉತ್ತರ ಬಂದರೆ ಮೇಲ್ಮನವಿ ಹಾಕಿ, ತಾರೀಖು ಕೇಳಿ, ಪ್ರಯೋಗಾಲಯದ ಮುದ್ರೆ ಇರುವ ಹಾಳೆಯ ನಕಲು ಕೇಳಿ. ಆ ಹಾಳೆ ಕೈಗೆ ಬಂದ ಮೇಲೆ ನನಗೊಂದು ಪ್ರತಿ ಕಳಿಸಿ. ಅದರಲ್ಲಿ ಫ್ಲೋರೈಡ್ ಒಂದರ ಒಳಗಿದ್ದು, ನೈಟ್ರೇಟ್ ನಲವತ್ತೈದರ ಒಳಗಿದ್ದರೆ ನಮ್ಮೂರ ನೀರು ಎಳನೀರೇ ಎಂದು ಮುಖರ್ಜಿ ನಗರದಲ್ಲಿ ಸಿಕ್ಕವರಿಗೆಲ್ಲ ನಾನೇ ಹೇಳಿಕೊಂಡು ಬರುತ್ತೇನೆ. ಅಲ್ಲಿಯತನಕ ದೆಹಲಿಯ ನೀರಿನ ಬಗ್ಗೆ ಮರುಗುವುದನ್ನು ದಯವಿಟ್ಟು ನಿಲ್ಲಿಸಿ.